ತಕ್ಕಡಿಗೆ ಬಿದ್ದ ಕಪ್ಪೆ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಆಗದ ಕೆಲಸಕ್ಕೆ ‘ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದಂತೆ’ ಎಂದು ಹಿರಿಯರು ಹೇಳುತ್ತಿದ್ದರು. ಒಂದನ್ನು ಹಾಕುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ. ಆದರೆ ನಮ್ಮ ದೇಶ ಒಂದು ಕಾಲಕ್ಕೆ ಕಪ್ಪೆಯನ್ನು ತೂಗಿಯೇ ಬಿಟ್ಟಿತು, ಅದೂ ಟನ್ನುಗಳಲ್ಲಿ. ಗಿರಣಿಯಲ್ಲಿ ಜಮಾ-ಖರ್ಚು ಬರೆಯುವ ನಮಗೆ ಬೇರೆ ಪಾಂಡಿತ್ಯವಿಲ್ಲ. ಆ ಲೆಕ್ಕವನ್ನಷ್ಟೇ ತಮ್ಮ ಮುಂದಿಡುತ್ತೇವೆ.

ನಾವು ಹೇಳುವುದು ದೊಡ್ಡ ಗೋಂಕರುಕಪ್ಪೆಯ ಮಾತು. ಮೊದಲ ಜೋರು ಮಳೆ ಬಿದ್ದೊಡನೆ ಗಂಡು ಅರಿಶಿನ ಬಳಿದಂತೆ ಹಳದಿಯಾಗುತ್ತದೆ. ಕೊರಳ ಎರಡೂ ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಹೆಣ್ಣು ಹೊಸ ನೀರಿನ ಹೊಂಡದಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿ ತಿಂದುಹಾಕುವ ಮೀನಿಲ್ಲ. ಆದರೆ ಹೊಂಡ ಆರುವುದರೊಳಗೆ ಗೊದಮೊಟ್ಟೆ ಕಪ್ಪೆಯಾಗಬೇಕು.

ಇಂಥ ಮಳೆಯ ರಾತ್ರಿಗಳಲ್ಲೇ ದೀಪ ಹಿಡಿದ ಬೇಟೆಯವರು ಬರುತ್ತಿದ್ದರು. ಹಿಂಗಾಲು ಮಾತ್ರ ಯುರೋಪು, ಅಮೆರಿಕಗಳ ಊಟದ ಮೇಜಿಗೆ. ಉಳಿದ ಮೈ ಕಸಕ್ಕೆ. 1981ರಲ್ಲಿ ಹೀಗೆ ಹೋದ ಕಾಲುಗಳ ತೂಕ 4,000 ಟನ್ನಿಗೂ ಹೆಚ್ಚು. ಒಂದು ಜೊತೆ ಕಾಲಿಗೆ 100 ಗ್ರಾಂ ಹಿಡಿದರೂ ಒಂದೇ ವರ್ಷಕ್ಕೆ 4 ಕೋಟಿ ಕಪ್ಪೆ! ಜಮೆಯಲ್ಲಿ ವಿದೇಶಿ ಹಣ ಬಂತು, ಸರಿ. ಗದ್ದೆಯ ಹುಳುವನ್ನೂ ಏಡಿಯನ್ನೂ ಕೂಲಿಯಿಲ್ಲದೆ ತಿನ್ನುತ್ತಿದ್ದ ಆಳು ಹೋಯಿತಲ್ಲ, ಅದನ್ನು ಖರ್ಚಿನಲ್ಲಿ ಬರೆದವರು ಯಾರು?

ಬರೆದವರೊಬ್ಬರು ನಮ್ಮ ಮುಂಬಯಿಯಲ್ಲೇ ಇದ್ದರು. 1883ರಲ್ಲಿ ಇಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹುಮಾಯೂನ್ ಅಬ್ದುಲಾಲಿಯವರು ಈ ವ್ಯಾಪಾರದ ವಿರುದ್ಧ ದನಿಯೆತ್ತಿದರು. ಸೊಸೈಟಿಯ ಪತ್ರಿಕೆಯಲ್ಲೂ ಬರೆದರು. 1985ರಲ್ಲಿ ಗೋಂಕರುಕಪ್ಪೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು. ಆದರೆ ಬೇಡಿಕೆ ನಿಲ್ಲಲಿಲ್ಲ. ತಕ್ಕಡಿ ಇಂಡೋನೇಷ್ಯಕ್ಕೆ ಹೋಯಿತು.

ನಮ್ಮಲ್ಲಿಯೂ ಹಿಡಿಯುವುದು ಪೂರಾ ನಿಂತಿಲ್ಲ. ಗೋವೆಯಲ್ಲಿ ಮಳೆಗಾಲದಲ್ಲಿ ‘ಜಂಪಿಂಗ್ ಚಿಕನ್’ ಎಂಬ ಹೆಸರಿನಿಂದ ಕದ್ದುಮುಚ್ಚಿ ಬಡಿಸುವುದುಂಟು. ಅದಕ್ಕೂ ದೊಡ್ಡ ಅಪಾಯ ಇನ್ನೊಂದಿದೆ. ಉಪನಗರಗಳಲ್ಲಿ ಗದ್ದೆಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತಾರೆ. ಹೊಂಡಕ್ಕೆ ಕಸ ಸುರಿಯುತ್ತಾರೆ. ಕಪ್ಪೆ ತೊಗಲಿನಿಂದಲೂ ಉಸಿರಾಡುವ ಜೀವಿ. ನೀರಿನ ವಿಷ ನೇರ ಮೈಗೆ ಇಳಿಯುತ್ತದೆ. ದೂರದ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಕಪ್ಪೆಯ ಬಳಗದ್ದೇ ಆದ, ಬಾಲವುಳ್ಳ ಸಾಲಮಾಂಡರ್ ಇದೆ. ಅದರ ಕಷ್ಟವೂ ಇದೇ: ಮರಿ ಮಾಡುವ ಕೊಳಗಳು ಕೆಡುತ್ತಿವೆ. ಕೊಳ ಹೋದ ಮೇಲೆ ಕಾಯಿದೆ ಯಾರನ್ನು ಕಾಯಬೇಕು?

ಗೋಂಕರುಕಪ್ಪೆ ಇಂದು ಅಳಿವಿನಂಚಿನಲ್ಲಿಲ್ಲ, ನಿಜ. ಆದರೆ ಉಳಿಸುವುದು ಸುಲಭವಾಗಿರುವ ಹೊತ್ತೂ ಇದೇ ಅಲ್ಲವೆ? ಆದ್ದರಿಂದ ನಮ್ಮ ಬಿನ್ನಹ ಮೂರೇ. ಕಪ್ಪೆಯ ಮಾಂಸ ಕೊಳ್ಳಬೇಡಿ. ನಿಮ್ಮ ಚಾಳು, ಸೊಸೈಟಿಗಳ ಪಕ್ಕದ ಮಳೆಹೊಂಡಕ್ಕೆ ಕಸ, ಎಣ್ಣೆ ಸುರಿಯಗೊಡಬೇಡಿ. ಸೊಳ್ಳೆಯ ಭಯವಿದ್ದರೆ ತೊಟ್ಟಿ, ಡಬ್ಬಿಗಳಲ್ಲಿ ನಿಂತ ನೀರನ್ನು ಮೊದಲು ಚೆಲ್ಲಿ. ಊರಿನಲ್ಲಿ ಗದ್ದೆಯಿರುವವರು ಅದರ ಮೂಲೆಯ ಒಂದು ಹೊಂಡವನ್ನು ಮುಚ್ಚದೆ ಬಿಡಿ. ಅದಕ್ಕೆ ಚಂದಾ ಬೇಡ, ಠರಾವೂ ಬೇಡ.