ಚುಕ್ಕಿಗಳ ಗೆರೆ ಯಾಕೆ ತುಂಡಾಯಿತು?

(ಶಾಲೆಯ ಸುವರ್ಣ ಮಹೋತ್ಸವದ ನಿಮಿತ್ತ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ಐವತ್ತು ವರ್ಷದ ಇತಿಹಾಸ ಹೇಳಲು ನನಗಿಂತ ತಿಳಿದವರು ಈ ವೇದಿಕೆಯ ಮೇಲಿದ್ದಾರೆ. ಮದುವೆ, ತೊಟ್ಟಿಲು ಕಾರ್ಯಕ್ರಮಗಳ ಫೋಟೊ ತೆಗೆದು ಹೊಟ್ಟೆ ಹೊರೆಯುವವನು ನಾನು. ಆದ್ದರಿಂದ ಒಂದು ಫೋಟೊದ ಬಗ್ಗೆಯೇ ಮಾತಾಡುತ್ತೇನೆ. ಈ ಸ್ಮರಣ ಸಂಚಿಕೆಗೆಂದು ನಮ್ಮ ಶಾಲೆಯ ವಿಜ್ಞಾನ ಸಂಘದ ಮಕ್ಕಳೇ ತೆಗೆದ ಫೋಟೊ ಅದು. ಶಾಲೆಯ ಕಟ್ಟಡದ ಮೇಲೆ ಚುಕ್ಕಿಗಳು ಗುಂಡಗೆ ಗೆರೆ ಎಳೆದಂತೆ ಕಾಣುತ್ತವೆ. ಅದು ಮೊದಲ ಸಲಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಮಕ್ಕಳು ಕಂಡುಹಿಡಿದ ರೀತಿಯನ್ನು ನಿಮ್ಮೆದುರು ಹೇಳಬೇಕು ಅನಿಸಿದೆ.

ಮೊದಲು, ಗೆರೆ ಹೇಗೆ ಬರುತ್ತದೆ ಎಂಬುದು. ಚುಕ್ಕಿಗಳು ಓಡುವುದಿಲ್ಲ, ಭೂಮಿ ತಿರುಗುತ್ತದೆ. ದೋಣಿಯಲ್ಲಿ ಕುಳಿತವನಿಗೆ ದಡದ ಗಿಡಗಳು ಹಿಂದೆ ಸರಿದಂತೆ ಕಾಣುವ ಹಾಗೆಯೇ ಇದು ಎಂದು ಆರ್ಯಭಟ ಕ್ರಿ.ಶ. 499ರ ಸುಮಾರಿಗೇ ಹೇಳಿದ್ದ. ಭೂಮಿ ಒಂದು ಸುತ್ತು ತಿರುಗಲು 23 ತಾಸು 56 ನಿಮಿಷ ಬೇಕು. ಅಂದರೆ ಒಂದು ತಾಸಿಗೆ ಸುಮಾರು 15 ಡಿಗ್ರಿ. ಎರಡು ತಾಸು ಆಕಾಶದ ಚಿತ್ರ ತೆಗೆದರೆ ಪ್ರತಿ ಚುಕ್ಕಿಯೂ ಧ್ರುವದ ಸುತ್ತ 30 ಡಿಗ್ರಿಯಷ್ಟು ಕಮಾನು ಬರೆಯುತ್ತದೆ. ನಮ್ಮ ಊರಿನ ಅಕ್ಷಾಂಶ ಸುಮಾರು 18 ಡಿಗ್ರಿ. ಹಾಗಾಗಿ ಧ್ರುವ ನಕ್ಷತ್ರ ಉತ್ತರ ದಿಕ್ಕಿನಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಎರಡು ಮುಷ್ಟಿಗಿಂತ ತುಸು ಕೆಳಗೆ ನೋಡಿ, ಅಲ್ಲಿದೆ ಧ್ರುವ. ಅದು ಕೂಡ ಪೂರಾ ನಿಂತಿಲ್ಲ. ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಗೂ ಕಡಿಮೆ ದೂರದಲ್ಲಿ ಪುಟ್ಟ ಸುತ್ತು ಹಾಕುತ್ತದೆ.

ಎರಡು ತಾಸು ಒಂದೇ ಸಮನೆ ಶಟರ್ ತೆರೆದಿಟ್ಟರೆ ದೂರದ ದೀಪಗಳ ಬೆಳಕೆಲ್ಲ ಸೇರಿ ಚಿತ್ರ ಬೆಳ್ಳಗಾಗುತ್ತದೆ. ಅದಕ್ಕೆ 30 ಸೆಕೆಂಡಿನ ನೂರಾರು ಚಿತ್ರಗಳನ್ನು ಒಂದರ ಹಿಂದೆ ಒಂದು ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು, ಪ್ರತಿ ಜಾಗದಲ್ಲೂ ಹೆಚ್ಚು ಬೆಳಗಿದ್ದನ್ನು ಮಾತ್ರ ಉಳಿಸುತ್ತಾರೆ. ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಎಷ್ಟು ಸೆಕೆಂಡಿಗೊಂದು ಚಿತ್ರ ತೆಗೆಯಬೇಕು ಎಂದು ಕ್ಯಾಮೆರಾಕ್ಕೆ ಹೇಳುವ ಸೆಟ್ಟಿಂಗೇ ಇಂಟರ್ವಲ್. ನಮ್ಮ ಮಕ್ಕಳಿಗೆ ತೊಡಕಾದದ್ದು ಅಲ್ಲೇ.

ಎಳ್ಳ ಅಮಾವಾಸ್ಯೆಗೆ ಎರಡು ದಿನ ಮೊದಲು ಮಕ್ಕಳು ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿದರು. ಎಕ್ಸ್‌ಪೋಜರ್ 30 ಸೆಕೆಂಡು, ಇಂಟರ್ವಲ್ 31 ಸೆಕೆಂಡು. ನಡುವೆ ಒಂದೇ ಸೆಕೆಂಡು ಬಿಡುವು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಒಂದು ತಾಸು ಓಡಿಸಿದರು. ಮರುದಿನ ಕಂಪ್ಯೂಟರಿನಲ್ಲಿ ಜೋಡಿಸಿದಾಗ ಗೆರೆ ಬರಲಿಲ್ಲ, ರವಿಕೆಗೆ ಕಚ್ಚಾ ಹೊಲಿಗೆ ಹಾಕಿದಂತೆ ತುಂಡು ತುಂಡು ಬಂತು. ಸಂಚಿಕೆ ಅಚ್ಚಿಗೆ ಹೋಗುವ ದಿನ ಹತ್ತಿರವಿತ್ತು. ಚಂದ್ರನಿಲ್ಲದ ರಾತ್ರಿಗಳೂ ಮುಗಿಯುತ್ತ ಬಂದಿದ್ದವು.

ಆಗ ಒಬ್ಬ ಹುಡುಗ, "ಸರ್, ಸಾಫ್ಟ್‌ವೇರ್‌ದಾಗ ಗ್ಯಾಪ್ ತುಂಬೋದು ಅದಾರಿ, ತುಂಬಿಬಿಡೋಣು?" ಎಂದ. ಅವನ ಮಾತು ಸುಳ್ಳಲ್ಲ, ಆ ಸೌಲಭ್ಯ ಇದೆ. ಒಂದೆರಡು ಸೆಕೆಂಡಿನ ಬಿರುಕು ಮುಚ್ಚಲು ಅದು ತಕ್ಕದ್ದು. ಆದರೆ ಇಲ್ಲಿ ಗೆರೆಯಷ್ಟೇ ಉದ್ದದ ಖಾಲಿ ಇತ್ತು. ಅದನ್ನು ತುಂಬಿದರೆ ಅರ್ಧ ಆಕಾಶವನ್ನು ನಾವೇ ಬರೆದಂತಾಗುತ್ತದೆ. ವಿಜ್ಞಾನ ಶಿಕ್ಷಕರು ಬೈಯಲಿಲ್ಲ, "ತುಂಬೋಕಿಂತ ಮೊದಲು ಯಾಕೆ ಖಾಲಿ ಆಯ್ತು ಹೇಳ್ರಿ" ಎಂದಷ್ಟೇ ಕೇಳಿದರು.

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಸುಮ್ಮನೆ ಫೈಲುಗಳನ್ನು ಎಣಿಸಿದಳು. "ಸರ್, 31 ಸೆಕೆಂಡಿಗೊಂದು ಅಂದ್ರ ಒಂದು ತಾಸಿಗೆ 116 ಬರ್ಬೇಕಿತ್ತು. 58 ಬಂದಾವ್ರಿ. ಬರಾಬರಿ ಅರ್ಧ." ಆಮೇಲೆ ಪ್ರತಿ ಚಿತ್ರದ ಜೊತೆ ಕ್ಯಾಮೆರಾ ಬರೆದಿಟ್ಟ ಸಮಯ ನೋಡಿದಳು. ಒಂದು 8 ಗಂಟೆ 10 ನಿಮಿಷಕ್ಕೆ, ಮುಂದಿನದು 8 ಗಂಟೆ 11 ನಿಮಿಷ 2 ಸೆಕೆಂಡಿಗೆ, ಅದರ ಮುಂದಿನದು 8 ಗಂಟೆ 12 ನಿಮಿಷ 4 ಸೆಕೆಂಡಿಗೆ. ಎಲ್ಲ ಕಡೆ 62 ಸೆಕೆಂಡಿನ ಅಂತರ. 62 ಅಂದರೆ ಎರಡು 31. ಕ್ಯಾಮೆರಾ ಒಂದು ಸರದಿ ಬಿಟ್ಟು ಒಂದು ತೆಗೆದಿತ್ತು.

ಯಾಕೆ ಬಿಟ್ಟಿತು? ಮಕ್ಕಳು ಬೋರ್ಡಿನ ಮೇಲೆ ಮೂರು ಅನುಮಾನ ಬರೆದರು. ಒಂದು, ಆಟೋ ಫೋಕಸ್. ಕತ್ತಲಲ್ಲಿ ಫೋಕಸ್ ಸಿಗದಿದ್ದರೆ ಕ್ಯಾಮೆರಾ ಕ್ಲಿಕ್ ಮಾಡುವುದಿಲ್ಲ. ಆದರೆ ಹಾಗಾಗಿದ್ದರೆ ಚಿತ್ರಗಳು ಅಡ್ಡಾದಿಡ್ಡಿ ತಪ್ಪಬೇಕಿತ್ತು, ಇಷ್ಟು ಶಿಸ್ತಾಗಿ ಅಲ್ಲ. ಎರಡು, ಲಾಂಗ್ ಎಕ್ಸ್‌ಪೋಜರ್ ನಾಯ್ಸ್ ರಿಡಕ್ಷನ್. ಇದು ಆನ್ ಇದ್ದರೆ ಕ್ಯಾಮೆರಾ ಪ್ರತಿ ಚಿತ್ರದ ನಂತರ ಶಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತದೆ. ಆಗ ಒಂದು ಚಿತ್ರಕ್ಕೆ ತಾಸಿನ ಲೆಕ್ಕದಲ್ಲಿ ಒಂದು ನಿಮಿಷಕ್ಕೂ ಮೇಲೆ ಹಿಡಿಯುತ್ತದೆ. ಮೆನು ತೆರೆದು ನೋಡಿದರೆ ಅದು ಆಫ್ ಇತ್ತು. ಉಳಿದ ಮೂರನೆಯದು: 30 ಸೆಕೆಂಡು ನಿಜವಾಗಿ 30 ಸೆಕೆಂಡೇ ಹೌದಾ?

ಇದನ್ನು ಪರೀಕ್ಷಿಸಲು ರಾತ್ರಿಯೇ ಬೇಕಿಲ್ಲ. ಹಾಡಹಗಲಲ್ಲಿ, ತರಗತಿಯ ಮೇಜಿನ ಮೇಲೆ, ಲೆನ್ಸಿಗೆ ಮುಚ್ಚಳ ಹಾಕಿ ಕ್ಯಾಮೆರಾ ಓಡಿಸಿದರು. ಶಟರ್ ತೆರೆದ ಸದ್ದಿಗೆ ಒಬ್ಬಳು ಕೈಗಡಿಯಾರ ನೋಡಿದಳು, ಮುಚ್ಚಿದ ಸದ್ದಿಗೆ ಇನ್ನೊಬ್ಬ ಬರೆದುಕೊಂಡ. ಹತ್ತು ಸಲ ಮಾಡಿದರು. ಹತ್ತು ಸಲವೂ 32 ಸೆಕೆಂಡು.

ಕಾರಣ ಹೀಗಿದೆ. ಕ್ಯಾಮೆರಾದ ಸಮಯ ದುಪ್ಪಟ್ಟಾಗುತ್ತ ಹೋಗುತ್ತದೆ: 1, 2, 4, 8, 16, 32. ಓದಲು ಹಗುರಾಗಲೆಂದು ಕೊನೆಯ ಎರಡನ್ನು 15, 30 ಎಂದು ಬರೆಯುತ್ತಾರೆ. ಬಹಳಷ್ಟು ಕ್ಯಾಮೆರಾಗಳಲ್ಲಿ 30 ಎಂದು ಬರೆದದ್ದು ಒಳಗೆ 32 ಆಗಿರುತ್ತದೆ. ಮಕ್ಕಳ ಕ್ಯಾಮೆರಾದಲ್ಲಿ ಇಂಟರ್ವಲ್ ಎಂದರೆ ಒಂದು ಚಿತ್ರದ ಆರಂಭದಿಂದ ಮುಂದಿನ ಚಿತ್ರದ ಆರಂಭದವರೆಗಿನ ಸಮಯ. 31ನೇ ಸೆಕೆಂಡಿಗೆ ಮುಂದಿನ ಸರದಿ ಬಂದಾಗ ಶಟರ್ ಇನ್ನೂ ತೆರೆದೇ ಇತ್ತು. ಒಂದು ನಿಮಿಷ ತಡವಾಗಿ ಸ್ಟ್ಯಾಂಡಿಗೆ ಬಂದವನಿಗೆ ಬಸ್ ನಿಲ್ಲುವುದಿಲ್ಲ, ಮುಂದಿನ ಬಸ್ಸಿಗೇ ಕಾಯಬೇಕು. ಕ್ಯಾಮೆರಾಕ್ಕೂ ಹಾಗೇ ಆಯಿತು. 62ನೇ ಸೆಕೆಂಡಿಗೆ ಅದರ ಬಸ್ ಸಿಕ್ಕಿತು. ನಡುವಿನ 30 ಸೆಕೆಂಡು ಆಕಾಶ ಯಾರಿಗೂ ದಕ್ಕಲಿಲ್ಲ.

ಇಂಟರ್ವಲ್ 34ಕ್ಕೆ ಏರಿಸಿದರು. 32 ಸೆಕೆಂಡು ಚಿತ್ರಕ್ಕೆ, 2 ಸೆಕೆಂಡು ಕಾರ್ಡಿಗೆ ಬರೆಯಲು. ಆ ಎರಡು ಸೆಕೆಂಡು ಬಿರುಕಾಗಿ ಕಾಣುವುದಿಲ್ಲವೇ ಎಂದು ಮಕ್ಕಳೇ ಕೇಳಿದರು. 18 ಎಂಎಂ ಲೆನ್ಸು, 24 ಮೆಗಾಪಿಕ್ಸೆಲ್ಲಿನ ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಅತಿ ವೇಗವಾಗಿ ಸರಿಯುವ ಚುಕ್ಕಿಯೂ ಒಂದು ಪಿಕ್ಸೆಲ್ ದಾಟಲು ಸುಮಾರು 3 ಸೆಕೆಂಡು ಬೇಕು. ಧ್ರುವದ ಹತ್ತಿರ ಇನ್ನೂ ನಿಧಾನ. ಎರಡು ಸೆಕೆಂಡಿನ ಬಿಡುವು ಕಣ್ಣಿಗೆ ಬೀಳುವುದಿಲ್ಲ. 30 ಸೆಕೆಂಡಿನದು ಹತ್ತು ಪಿಕ್ಸೆಲ್ಲಿನ ಹಳ್ಳವಾಗಿ ಕಾಣುತ್ತದೆ.

ಅಮಾವಾಸ್ಯೆಯ ದಿನ ಊರೆಲ್ಲ ಹೊಲಕ್ಕೆ ಹೋಗಿ ಬಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದಿತ್ತು. ಸಂಜೆ ಏಳೂವರೆಗೆ ಮಕ್ಕಳು ಮತ್ತೆ ಸೇರಿದರು. ಹೆಣ್ಣುಮಕ್ಕಳನ್ನು ರಾತ್ರಿ ಶಾಲೆಗೆ ಕಳಿಸುವುದು ಹೇಗೆ ಎಂಬ ಪ್ರಶ್ನೆ ಕೆಲವು ಮನೆಗಳಲ್ಲಿ ಎದ್ದಿತ್ತು. ನಾಲ್ವರು ತಾಯಂದಿರು ಚಾದರ ಹೊದ್ದು ಜೊತೆಗೇ ಬಂದು ಕಟ್ಟೆಯ ಮೇಲೆ ಕುಳಿತರು. ಶಾಲೆಯ ಸುತ್ತಲಿನ ಮನೆಯವರು ಎರಡು ತಾಸು ಬಾಗಿಲ ಮುಂದಿನ ಬಲ್ಬ್ ಆರಿಸಿದರು. ಅವರೆಲ್ಲರೂ ಇಲ್ಲಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಆ ಹೊತ್ತಿಗೆ ಸಪ್ತರ್ಷಿ ಮಂಡಲ ಇನ್ನೂ ಮೂಡಿರಲಿಲ್ಲ. ಇಂಗ್ಲಿಷಿನ ಎಂ ಅಕ್ಷರದಂತಿರುವ ಕ್ಯಾಸಿಯೋಪಿಯ ಧ್ರುವದ ನೆತ್ತಿಯ ಮೇಲಿತ್ತು. "ನಮ್ಮಪ್ಪ ಬೆಳ್ಳಿ ಚಿಕ್ಕಿ ನೋಡಿ ಗಳೆ ಹೂಡ್ತಿದ್ದ, ಈಗ ಯಾರ್ ನೋಡ್ತಾರ" ಎಂದು ಒಬ್ಬ ತಾಯಿ ಹೇಳುತ್ತಿದ್ದರು. ಎರಡು ತಾಸಿಗೆ 212 ಚಿತ್ರ ಬರಬೇಕಿತ್ತು. 212 ಬಂದವು. ಗೆರೆ ಎಲ್ಲೂ ಕಡಿಯಲಿಲ್ಲ.

ಮನೆಯಲ್ಲಿ ಕ್ಯಾಮೆರಾ ಇರುವ ಗೆಳೆಯರಿಗೆ ಕಸುಬಿನವನಾಗಿ ನಾಲ್ಕು ಮಾತು. ನಿಮ್ಮ 30 ಸೆಕೆಂಡನ್ನು ಮೊದಲು ಗಡಿಯಾರ ಹಿಡಿದು ಅಳೆಯಿರಿ. ಹೊರಗಿನಿಂದ ಜೋಡಿಸುವ ಕೆಲವು ರಿಮೋಟ್‌ಗಳಲ್ಲಿ ಇಂಟರ್ವಲ್ ಎಂದರೆ ಒಂದು ಚಿತ್ರ ಮುಗಿದ ಮೇಲಿನ ಬಿಡುವು. ಅಲ್ಲಿ 34 ಎಂದು ಹಾಕಿದರೆ 34 ಸೆಕೆಂಡು ಖಾಲಿ ಹೋಗುತ್ತದೆ, 1 ಅಥವಾ 2 ಎಂದು ಹಾಕಬೇಕು. ಫೋಕಸನ್ನು ಒಂದು ದೊಡ್ಡ ಚುಕ್ಕಿಯ ಮೇಲೆ ಕೈಯಿಂದಲೇ ಹಿಡಿದು ಆಟೋ ಆಫ್ ಮಾಡಿ, ನಾಯ್ಸ್ ರಿಡಕ್ಷನ್ನೂ ಆಫ್ ಇರಲಿ. ನಮ್ಮ ಬೀದರ್ ಸೀಮೆಯ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಲೆನ್ಸಿಗೆ ಇಬ್ಬನಿ ಹಿಡಿಯುತ್ತದೆ. ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಹಾಕಿ, ಗಾಜು ಮುಚ್ಚದಂತೆ ಲೆನ್ಸಿನ ಸುತ್ತ ಉಣ್ಣೆ ಬಟ್ಟೆ ಸುತ್ತಿ.

ಕೊನೆಯದಾಗಿ ಊರಿನ ಹಿರಿಯರಿಗೆ ಎರಡು ವಿನಂತಿ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಕರ್ನಾಟಕದ ಹೊಸಕೋಟೆಯಿಂದ. ಅಲ್ಲಿನ ಹಳ್ಳಿಯವರು ಆಕಾಶದ ಕತ್ತಲನ್ನು ಆಸ್ತಿಯಂತೆ ಕಾಯುತ್ತಾರೆ. ನಮ್ಮಲ್ಲಿ ಒಂದು ಕಡೆ ಬೀದರ್, ಇನ್ನೊಂದು ಕಡೆ ಭಾಲ್ಕಿಯ ಬೆಳಕು ಏರುತ್ತಿದ್ದರೂ ಔರಾದ್ ಕಡೆಯ ಆಕಾಶ ಇನ್ನೂ ಉಳಿದಿದೆ. ಬೀದಿದೀಪ ಬೇಕೇ ಬೇಕು, ಆದರೆ ಅದರ ಬೆಳಕು ನೆಲಕ್ಕೆ ಬೀಳಲಿ, ಮೇಲಕ್ಕೆ ಹೋಗುವುದು ಬೇಡ. ಹೊಸ ದೀಪ ಹಾಕಿಸುವಾಗ ಮೇಲೊಂದು ಮುಚ್ಚಳ ಇರುವಂತೆ ನೋಡಿಕೊಳ್ಳಿ. ಇದು ಮೊದಲ ವಿನಂತಿ.

ಎರಡನೆಯದು ಆ ಹುಡುಗಿಯ ಬಗ್ಗೆ, ಅವಳಂಥ ಎಲ್ಲರ ಬಗ್ಗೆ. ಹತ್ತನೇ ಮುಗಿದ ಮೇಲೆ ಕಾಲೇಜು ದೂರ, ಬಸ್ಸಿಲ್ಲ, ಕಾಲ ಸರಿಯಿಲ್ಲ ಎಂಬ ಮಾತು ಮನೆಯಲ್ಲಿ ಬರುತ್ತದೆ. ಆಗ ಕಟ್ಟೆಯ ಮೇಲೆ ಕುಳಿತ ಆ ನಾಲ್ವರು ತಾಯಂದಿರನ್ನು ನೆನೆಯಿರಿ. ಬೇಡ ಎನ್ನದೆ ಅವರು ಜೊತೆಗೆ ಬಂದರು. ಆ ಫೋಟೊ ಈ ಸಂಚಿಕೆಯಲ್ಲಿದೆ, ಅದರ ಲೆಕ್ಕದ ನೋಟುಬುಕ್ಕನ್ನು ಮಕ್ಕಳು ಪ್ರಯೋಗಾಲಯದಲ್ಲಿ ಇಟ್ಟಿದ್ದಾರೆ. ಮುಂದೆ ಬರುವ ಮಕ್ಕಳು ಎರಡನ್ನೂ ನೋಡಲಿ.