ಮುದುಕರಂತೆ ಕಾಣುವ ಧೈರ್ಯ



ಬ್ಯಾಂಕುಗಳು ಹಿರಿಯ ನಾಗರಿಕರಿಗೆ ಕೊಡುವ ಅರ್ಧ ಪ್ರತಿಶತ ಹೆಚ್ಚುವರಿ ಬಡ್ಡಿಗಾಗಿ, 60 ತುಂಬಿದ ಮರುದಿನವೇ ಆಧಾರ್ ಪ್ರತಿಯನ್ನು ಹಿಡಿದು ಸರದಿಯಲ್ಲಿ ನಿಲ್ಲುವವರು ಸಮಾಜದಲ್ಲಿ ಅನೇಕರಿದ್ದಾರೆ. ರೈಲಿನಲ್ಲಿ ಕೆಳಗಿನ ಬರ್ತ್ ಬೇಕಾದಾಗಲೂ ಅವರು ವಯಸ್ಸನ್ನು ಮರೆಮಾಚುವುದಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ 60ಕ್ಕೆ ‘ಹಿರಿಯ’, 80ಕ್ಕೆ ‘ಅತಿ ಹಿರಿಯ’ ಎನ್ನಿಸಿಕೊಳ್ಳುವುದನ್ನು ಸಂತೋಷದಿಂದಲೇ ಒಪ್ಪುತ್ತಾರೆ. ಅದೇ ಮಹನೀಯರಿಗೆ ವೈದ್ಯರು ಊರುಗೋಲು ಹಿಡಿಯಿರಿ ಎಂದರೆ ಮುಖ ಕಂದುತ್ತದೆ. ಕಾಗದದ ಮೇಲೆ ವೃದ್ಧರಾಗಲು ಸಿದ್ಧ. ಲಿಫ್ಟಿನ ಮುಂದೆ ನೆರೆಮನೆಯವರ ಕಣ್ಣಿಗೆ ವೃದ್ಧರಾಗಿ ಕಾಣಲು ಸಿದ್ಧರಿಲ್ಲ.

ಡೊಂಬಿವಲಿಯಲ್ಲಿ ನೆಲೆಸಿರುವ, ಬೆಳಗಾವಿ ಕಡೆಯ ಹಿರಿಯರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಬೇಕು. 68ನೆಯ ವಯಸ್ಸಿನಲ್ಲಿ ಅವರ ಕಿವಿ ಮಂದವಾಯಿತು. ಮಗ ಸಾಕಷ್ಟು ಹಣ ತೆತ್ತು ಕಿವಿಯ ಮಷೀನು ತಂದುಕೊಟ್ಟ. ಅದು ಎರಡು ವರ್ಷ ಕಪಾಟಿನಲ್ಲಿಯೇ ಉಳಿಯಿತು. ಯಾರೇನು ಹೇಳಿದರೂ ನಕ್ಕು ತಲೆದೂಗುವುದನ್ನು ಅವರು ರೂಢಿಸಿಕೊಂಡಿದ್ದರು. “ಅಜ್ಜಾಗ ಏನ ಹೇಳಿದ್ರೂ ನಗತಾರ” ಎಂದು ಮೊಮ್ಮಗಳು ಆಡಿಕೊಳ್ಳುತ್ತಿದ್ದಳು. ನಿವೃತ್ತಿಯ ಹಣವನ್ನು ನಿಶ್ಚಿತ ಠೇವಣಿಯಲ್ಲಿ ಇಡುವ ದಿನ ಬ್ಯಾಂಕಿನ ಕೌಂಟರಿನಲ್ಲಿಯೂ ಅದೇ ನಗೆ, ಅದೇ ‘ಹೂಂ’. ನಾಮಿನಿ ಬೇಡವೇ ಎಂಬ ಪ್ರಶ್ನೆಗೂ ‘ಹೂಂ’ ಎಂದರು. ಮುಂದೆ ಚಾಚಿದ ಕಾಗದಕ್ಕೆ ಕನ್ನಡಕವಿಲ್ಲದೆ ಸಹಿ ಹಾಕಿದರು. ಕನ್ನಡಕವೂ ಆ ದಿನ ಜೇಬಿನಲ್ಲಿಯೇ ಇತ್ತು! ಠೇವಣಿಯನ್ನು ನವೀಕರಿಸುವ ಸಮಯದಲ್ಲಿ ಜೊತೆಗೆ ಬಂದಿದ್ದ ಪತ್ನಿಯ ಕಣ್ಣಿಗೆ ರಸೀದಿಯಲ್ಲಿನ ಖಾಲಿ ಜಾಗ ಬಿತ್ತು. ಅಂದು ಸಂಜೆಯೇ ಮಷೀನು ಕಿವಿಗೇರಿತು.

ಈ ಮನೆಯ ಅದೃಷ್ಟ ದೊಡ್ಡದು. ಪುಣೆಯ ಇನ್ನೊಂದು ಮನೆಗೆ ಅಷ್ಟು ಅದೃಷ್ಟವಿರಲಿಲ್ಲ. ಯಜಮಾನರಿಗೆ 71 ವರ್ಷ. ಉಯಿಲಿನ ಮಾತು ಬಂದಾಗಲೆಲ್ಲ “ಈಗಲೇ ಏನವಸರ, ನಾನೇನು ಮುದುಕನೇ?” ಎನ್ನುತ್ತಿದ್ದರು. ಅವರು ಹಠಾತ್ತನೆ ತೀರಿಕೊಂಡಾಗ ಪತ್ನಿಯ ಕೈಗೆ ಸಿಕ್ಕಿದ್ದು ಮೂರು ಪಾಸ್‌ಬುಕ್ಕುಗಳು, ಒಂದು ಹಳೆಯ ವಿಮಾಪತ್ರ ಮತ್ತು ಗುಪ್ತಸಂಖ್ಯೆ ಗೊತ್ತಿಲ್ಲದ ಮೊಬೈಲು. ಬ್ಯಾಂಕಿನ ಒಟಿಪಿಗಳೆಲ್ಲ ಬರುತ್ತಿದ್ದುದು ಆ ಮೊಬೈಲಿಗೇ. ಷೇರುಗಳಿಗೆ ತಮ್ಮನ ಹೆಸರನ್ನು ಎಂದೋ ನಾಮಿನಿಯಾಗಿ ಬರೆಸಿದ್ದರಂತೆ. ಷೇರುಗಳು ತನಗೇ ಸೇರಿದವು ಎಂದು ತಮ್ಮ ನಂಬಿದ. ಅಣ್ಣ ತಮ್ಮಂದಿರ ಮಕ್ಕಳು ಇಂದಿಗೂ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ. ನಾಮಿನಿಯಾದ ಮಾತ್ರಕ್ಕೆ ಷೇರಿನ ಒಡೆತನ ಬರುವುದಿಲ್ಲ, ಅದು ಉತ್ತರಾಧಿಕಾರಿಗಳಿಗೇ ಸೇರುತ್ತದೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಇಲ್ಲದಿದ್ದರೆ ಜೈನರಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಅನ್ವಯಿಸುತ್ತದೆ: ಪುರುಷನ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಸಮಾನ ಪಾಲುದಾರರು. ಉಯಿಲು ಬರೆಯಲು ಬೇಕಾದುದು ಒಂದು ಬಿಳಿ ಹಾಳೆ, ಬರೆಯುವವರ ಸಹಿ, ಇಬ್ಬರು ಸಾಕ್ಷಿಗಳು. ನೋಂದಣಿ ಕೂಡ ಕಡ್ಡಾಯವಲ್ಲ. ಅಷ್ಟಕ್ಕೂ ಅಡ್ಡಬಂದುದು ‘ಮುದುಕನೇ?’ ಎಂಬ ಒಂದು ಪದ.

ಹೀಗಿರುವಾಗ, ಮುದುಕರ ಅಭ್ಯಾಸಗಳೆಂದು ನಗೆಗೀಡಾಗುವ ಕೆಲವನ್ನು ವಯಸ್ಸಾದಂತೆ ಬೇಕೆಂದೇ ಬರಮಾಡಿಕೊಳ್ಳುವುದು ಲೇಸು. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವುದು, ಕೇಳಿಸದಿದ್ದರೆ ‘ಇನ್ನೊಮ್ಮೆ ಹೇಳಿ’ ಎನ್ನುವುದು, ಮೆಟ್ಟಿಲಿನ ಕಂಬಿ ಹಿಡಿಯುವುದು, ಓದದೆ ಸಹಿ ಹಾಕದಿರುವುದು. ಮಧ್ಯಾಹ್ನದ ಅರ್ಧ ಗಂಟೆಯ ನಿದ್ದೆಯ ಬಗ್ಗೆ ವಾದಿಸುವ ಅಗತ್ಯವೇ ಇಲ್ಲ.

ಜೈನ ಮನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ, ಸೂರ್ಯಾಸ್ತಕ್ಕೆ ಮುನ್ನ ಊಟ. ಮುಂಬಯಿಯ ಲೋಕಲ್ ಹಿಡಿದು ರಾತ್ರಿ ಎಂಟೂವರೆಗೆ ಮನೆ ಸೇರುವ ಮಗನಿಗೆ ಅದು ಸಾಧ್ಯವಾಗುವುದಿಲ್ಲ, ತಪ್ಪೆನ್ನಲಾಗದು. ನಿವೃತ್ತಿಯ ಬಳಿಕ ತಂದೆ ಮತ್ತೆ ಅದಕ್ಕೆ ಮರಳಿದರೆ ಮನೆಯಲ್ಲಿ ‘ವಯಸ್ಸಾಯಿತು’ ಎಂಬ ಕಿಸಕ್ಕನೆಯ ನಗೆ. ಮದುವೆಯ ಆರತಕ್ಷತೆಗಳಲ್ಲಂತೂ ಊಟ ಆರಂಭವಾಗುವುದೇ ಎಂಟರ ನಂತರ. ವ್ರತವಿದೆ ಎಂದರೆ ಹಳೆಯ ಕಾಲದವರೆನ್ನಿಸಿಕೊಂಡೇವೆಂದು ಅಂಜಿ, ಹಿರಿಯರು ಖಾಲಿ ತಟ್ಟೆಯನ್ನು ಹಿಡಿದು ಛಾಯಾಚಿತ್ರಕ್ಕೆ ನಿಲ್ಲುತ್ತಾರೆ. ಆರು ಗಂಟೆಗೆ ಹತ್ತು ತಟ್ಟೆ ಬಡಿಸಿರೆಂದು ಕೇಳುವ ಧೈರ್ಯ ಒಬ್ಬರಿಗೆ ಬಂದರೆ, ಮಧುಮೇಹಕ್ಕೆ ಗುಳಿಗೆ ನುಂಗಿ ಹಸಿದು ಕುಳಿತ ಇನ್ನೂ ಇಪ್ಪತ್ತು ಜನ ಆ ಸಾಲಿಗೆ ಬಂದು ಸೇರುತ್ತಾರೆ.

ಆದರೆ ವೃದ್ಧಾಪ್ಯದ ಅಭ್ಯಾಸಗಳೆಲ್ಲವೂ ಸ್ವೀಕಾರಾರ್ಹವಲ್ಲ. ಬೀಗದ ಕೈಯನ್ನು ಸೊಂಟದಿಂದ ಬಿಡದಿರುವುದೂ ಮುದುಕರ ಅಭ್ಯಾಸವೇ! ಜೈನ ಪುರಾಣಗಳಲ್ಲಿ ನರೆಗೂದಲನ್ನು ಕಂಡು ರಾಜ್ಯವನ್ನು ಮಗನಿಗೊಪ್ಪಿಸಿ ಹೊರಟ ಅರಸರ ಕಥೆಗಳಿವೆ. ಆ ಪುರಾಣವನ್ನು ಪ್ರವಚನಗಳಲ್ಲಿ ಕೇಳಿದವರ ಸಂಘಗಳಲ್ಲಿ ಎಂಬತ್ತರ ಅಧ್ಯಕ್ಷರು, ಐವತ್ತೆರಡರ ಯುವಘಟಕದ ಕಾರ್ಯದರ್ಶಿಗಳು. ಚುನಾವಣಾ ಫಲಕಗಳಲ್ಲಿ ಎಪ್ಪತ್ತರ ನಾಯಕರ ಕೂದಲು ಮೂವತ್ತರದ್ದಾಗಿರುವುದನ್ನು ಕಂಡು ನಗುವ ಹಕ್ಕನ್ನು ಸಮಾಜ ಕಳೆದುಕೊಂಡು ಬಹುಕಾಲವಾಯಿತು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥರಿಗೆ ಹನ್ನೊಂದು ಪ್ರತಿಮೆಗಳನ್ನು ಹೇಳುತ್ತದೆ. ಅವು ವಯಸ್ಸಿಗೆ ಕಟ್ಟಿದ ಮೆಟ್ಟಿಲುಗಳಲ್ಲ, ಆದರೂ ವಯಸ್ಸಾಗುತ್ತಿರುವವರು ಅವನ್ನು ಹಾಗೆಯೂ ಓದಿಕೊಳ್ಳಬಹುದು. ಎಂಟನೆಯದು ಆರಂಭತ್ಯಾಗ: ಸೇವೆ, ಕೃಷಿ, ವಾಣಿಜ್ಯಗಳಿಂದ ಹಿಂದೆ ಸರಿಯುವುದು. ಒಂಬತ್ತನೆಯದು ಪರಿಗ್ರಹತ್ಯಾಗ. ಹತ್ತನೆಯದು ಅನುಮತಿತ್ಯಾಗ: ಲೌಕಿಕ ವ್ಯವಹಾರಗಳಲ್ಲಿ ಒಪ್ಪಿಗೆ ಕೊಡುವುದನ್ನೂ ಬಿಡುವುದು. ಹಣವನ್ನು ಬಿಟ್ಟ ಮೇಲೆ ಸಲಹೆಯನ್ನು ಬಿಡಬೇಕು ಎಂಬ ಕ್ರಮವನ್ನು ಗಮನಿಸಬೇಕು. ದುಡ್ಡಿಗಿಂತ ಅಭಿಪ್ರಾಯವನ್ನು ಕೈಬಿಡುವುದು ಕಷ್ಟವೆಂದು ಆಚಾರ್ಯರಿಗೆ ಗೊತ್ತಿದ್ದಂತೆ ತೋರುತ್ತದೆ. ಮಗನ ಫ್ಲ್ಯಾಟಿನ ಟೈಲ್ಸ್ ಬಣ್ಣವನ್ನು ಕುರಿತು ನಡೆದ ಜಗಳಗಳನ್ನು ಕಂಡವರಿಗೂ ಗೊತ್ತು. ಪೂರ್ಣ ಪ್ರತಿಮೆಯನ್ನು ಧರಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಕೇಳುವವರೆಗೆ ಹೇಳದಿರುವುದು, ಕೇಳಿದಾಗ ಒಂದೇ ಸಲ ಹೇಳುವುದು, ಇಷ್ಟನ್ನು ಯಾರಾದರೂ ಆರಂಭಿಸಬಹುದು.

ಡೊಂಬಿವಲಿಯ ಹಿರಿಯರು ಈಗ ಊರುಗೋಲನ್ನೂ ಹಿಡಿದಿದ್ದಾರೆ. ಮನೆಯ ಆಯವ್ಯಯದ ತೀರ್ಮಾನ ಮಗಸೊಸೆಯರದು. ಠೇವಣಿ, ವಿಮೆ, ಲಾಕರು, ಮೊಬೈಲಿನ ಸಂಖ್ಯೆ ಎಲ್ಲವೂ ಒಂದು ರೂಲುಪುಸ್ತಕದಲ್ಲಿವೆ. ಅದು ಪತ್ನಿಯ ಕಪಾಟಿನಲ್ಲಿರುತ್ತದೆ. ಕಳೆದ ದೀಪಾವಳಿಯ ಲೆಕ್ಕಪೂಜೆಯ ದಿನ ಆಕೆ ಅದನ್ನು ಮೊದಲಿನಿಂದ ಓದಿ ಎರಡು ತಪ್ಪುಗಳನ್ನು ಹಿಡಿದರು. ಒಂದು, ಠೇವಣಿಯೊಂದರ ಅವಧಿ ಮುಗಿಯುವ ದಿನಾಂಕ. ಇನ್ನೊಂದು, ನಾಮಿನಿಯ ಕಲಮಿನಲ್ಲಿ ಬರೆದ ಆಕೆಯದೇ ಜನ್ಮವರ್ಷ. ಪತಿ ಅದನ್ನು ಎರಡು ವರ್ಷ ಈಚೆಗೆ ತಂದಿದ್ದರು. ಎರಡನ್ನೂ ಆಕೆ ಕೆಂಪು ಶಾಯಿಯಲ್ಲಿ ತಿದ್ದಿದರು.