ಗಣಿತಸಾರಸಂಗ್ರಹದ ಒಂದು ಸಂಖ್ಯಾಹಾರ



ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದ ಹೆಸರನ್ನು ಕೇಳಿದವರು ಬಹುಮಂದಿ, ಅದನ್ನು ತೆರೆದು ಒಂದು ಲೆಕ್ಕವನ್ನಾದರೂ ಬಿಡಿಸಿದವರು ಕೆಲವರೇ. ಗ್ರಂಥ ದೊರೆಯದೆಂಬ ನೆಪಕ್ಕೆ ಎಡೆಯಿಲ್ಲ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ೨೦೦೦ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು. ಆದುದರಿಂದ ಸ್ತುತಿಯನ್ನು ಬದಿಗಿಟ್ಟು, ಆಚಾರ್ಯರ ಒಂದೇ ಒಂದು ಸಂಖ್ಯೆಯನ್ನು ಪರಿಶೀಲಿಸುವುದು ಉಚಿತ.

ಗುಣಾಕಾರದ ಪ್ರಕರಣದಲ್ಲಿ ೨,೭೯,೯೪,೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವಿದೆ. ಲಬ್ಧವು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕಿವಿಗೆ ಇದರಲ್ಲಿ ವಿಶೇಷವೇನೂ ತೋರದು. ಬರೆದಾಗಲೇ ಅದರ ಚೆಲುವು:

೧೨೩೪೫೬೫೪೩೨೧

ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಬಗೆಯ ಸಂಖ್ಯೆಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ. ಹಾರವನ್ನು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಮಣಿಗಳ ಕ್ರಮ ಒಂದೇ.

ಇದು ಪವಾಡವಲ್ಲ. ಆರು ಒಂದುಗಳುಳ್ಳ ೧೧೧೧೧೧ರ ವರ್ಗವೇ ಈ ಸಂಖ್ಯೆ. ಅದನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಸಲ, ಪ್ರತಿಸಲವೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಾಗುತ್ತದೆ. ಬಲತುದಿಯ ಸ್ಥಾನದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಅನಂತರ ಮತ್ತೆ ಇಳಿತ. ಯಾವ ಸ್ಥಾನದಲ್ಲಿಯೂ ಮೊತ್ತ ಒಂಬತ್ತನ್ನು ಮೀರದಿರುವುದರಿಂದ ದಶಕ ಏರುವುದಿಲ್ಲ, ರೂಪ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ. ಹತ್ತು ಒಂದುಗಳ ವರ್ಗ ೧೨೩೪೫೬೭೯೦೦೯೮೭೬೫೪೩೨೧. ಅಲ್ಲಿ ಹಾರ ಕಡಿಯಿತು.

೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ೩ ಮತ್ತು ೭ ಸೇರಿ ೨೧, ಅದರ ವರ್ಗ ೪೪೧. ಉಳಿದ ಮೂರು ಸೇರಿ ೫೨೯೧, ಅದರ ವರ್ಗವೇ ಆ ಗುಣ್ಯ. ಹಾರವನ್ನು ಬಿಚ್ಚಿ, ಎಳೆಗಳನ್ನು ಎರಡು ಗಂಟುಗಳಾಗಿ ಶಿಷ್ಯನ ಕೈಗಿತ್ತಂತಿದೆ ಈ ಲೆಕ್ಕ. ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು ೨೪೩.

ಅಂಗಡಿಯ ಲೆಕ್ಕ ಬರೆಯುವವರಿಗೆ ಇದರಲ್ಲಿ ಇನ್ನೊಂದು ಪ್ರಯೋಜನವಿದೆ. ಅಂಕೆಗಳನ್ನು ಕೂಡಿ ಒಂಬತ್ತುಗಳನ್ನು ಕಳೆದು ತಾಳೆ ನೋಡುವ ವಾಡಿಕೆ ಹಳೆಯದು. ಆದರೆ ೪೪೧ ಒಂಬತ್ತರ ಅಪವರ್ತ್ಯ. ಅದರಿಂದ ಯಾವುದನ್ನು ಗುಣಿಸಿದರೂ ಆ ತಾಳೆ ಸರಿಯೆಂದೇ ಹೇಳುತ್ತದೆ. ಗುಮಾಸ್ತನೊಬ್ಬನು ಗುಣ್ಯದ ಕೊನೆಯ ಎರಡು ಅಂಕೆಗಳನ್ನು ಅದಲುಬದಲಾಗಿ ೨೭೯೯೪೬೧೮ ಎಂದು ನಕಲು ಮಾಡಿದನೆನ್ನಿ. ಲಬ್ಧ ೧೨೩೪೫೬೨೬೫೩೮ ಆಗುತ್ತದೆ. ಒಂಬತ್ತರ ತಾಳೆ ಅದನ್ನೂ ಒಪ್ಪುತ್ತದೆ. ಹಾರ ಮಾತ್ರ ಒಪ್ಪುವುದಿಲ್ಲ. ಗುರುವು ಹತ್ತಿರವಿಲ್ಲದಿದ್ದರೂ ಶಿಷ್ಯನು ತನ್ನ ತಪ್ಪನ್ನು ತಾನೇ ಕಾಣಬಲ್ಲನು. ‘ಇಂದಿನ ವಿಜ್ಞಾನವೆಲ್ಲ ಅಂದೇ ಇತ್ತು’ ಎಂಬ ಸಭಾಘೋಷಕ್ಕಿಂತ ಈ ಒಂದು ಜಾಣ್ಮೆ ಹೆಚ್ಚಿನದು.

ಪಾಠಶಾಲೆಯ ಮಕ್ಕಳು ಇಂದು ಸಂಜೆ ಬಿಡಿಸಲೆಂದು ಅದೇ ಪ್ರಕರಣದ ಇನ್ನೆರಡು ಲೆಕ್ಕಗಳು: ೧೫೨೨೦೭ನ್ನು ೭೩ರಿಂದ, ೧೪೨೮೫೭೧೪೩ನ್ನು ೭ರಿಂದ ಗುಣಿಸಿರಿ. ಉತ್ತರವನ್ನು ಇಲ್ಲಿ ಅಚ್ಚು ಮಾಡಿಲ್ಲ.